ಟ್ರಂಕು, ಗೋದಲಿ ಮತ್ತು ನಲವತ್ತೈದು ನಿಮಿಷದ ಕ್ರಿಸ್‌ಮಸ್ ಹಾಡು

ಮೈಕ್ ಸೆಟ್ ಅಂಗಡಿಗೆ ಜನ ಮೈಕ್ ಕೇಳ್ಕೊಂಡು ಮಾತ್ರ ಬರ್ತಾರೆ ಅಂತ ನೀವು ತಿಳ್ಕೊಂಡಿದ್ರೆ ನಿಮ್ಮಷ್ಟು ಸುಖಿ ಯಾರೂ ಇಲ್ಲ. ಚಳ್ಳಕೆರೆಯಲ್ಲಿ ನಾನು ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಎಮ್ಮೆ ಕಳೆದುಹೋದವರು ಬಂದಿದ್ದಾರೆ, ಮನೆ ಬಿಟ್ಟು ಹೋದ ಅಳಿಯನನ್ನ ಮೈಕಲ್ಲಿ ಕೂಗಿ ಕರೀಬೇಕು ಅಂದವರು ಬಂದಿದ್ದಾರೆ, ತೀರಿಕೊಂಡ ತಾತ ಕೆಮ್ಮಿದ್ದು ಯಾವುದೋ ಮದುವೆ ರೆಕಾರ್ಡಿಂಗಲ್ಲಿ ಐತೆ, ಅದನ್ನ ಹುಡುಕಿ ಕೊಡಪ್ಪ ಅಂತ ಅತ್ತವರೂ ಬಂದಿದ್ದಾರೆ. ಆದ್ರೆ ಹೋದ ಡಿಸೆಂಬರಲ್ಲಿ ಬಂದ ಗಿರಾಕಿ ಮುಂದೆ ಇವರೆಲ್ಲ ಏನೂ ಅಲ್ಲ.

ಅದಕ್ಕೂ ಮುಂಚೆ ನಮ್ಮ ಕಸುಬಿನ ಎರಡು ಶಾಸ್ತ್ರ ಹೇಳಿಬಿಡ್ತೀನಿ. ಒಂದು, ಹಾಡು ಹಾಕಿದ ಅರ್ಧ ನಿಮಿಷದೊಳಗೆ ಯಾರಾದ್ರೂ ಬಾಯಿ ತೆಗೀಬೇಕು. ಇಲ್ಲಾಂದ್ರೆ ಜನ ಸೆಟ್ಟು ಕೆಟ್ಟೈತೆ ಅಂತಾರೆ. ಎರಡು, ಹಾಡು ನಿಂತರೆ ಊಟ ರೆಡಿ. ಮದುವೆ ಇರ್ಲಿ, ನಾಮಕರಣ ಇರ್ಲಿ, ನಮ್ಮ ಸೀಮೆಯಲ್ಲಿ ಯಾರೂ ಯಾರನ್ನೂ ಊಟಕ್ಕೆ ಏಳಿ ಅಂತ ಕರೆಯೋದಿಲ್ಲ. ಎಲೆ ಹಾಕಿದ ತಕ್ಷಣ ಅಡಿಗೆಯವರು ನನಗೆ ಕೈ ಮಾಡ್ತಾರೆ, ನಾನು ಹಾಡು ನಿಲ್ಲಿಸ್ತೀನಿ, ಜನ ಎದ್ದು ಪಂಕ್ತಿಗೆ ಹೋಗ್ತಾರೆ. ಹುಟ್ಟಿದ ಕೂಸಿಗೂ ಗೊತ್ತಿರೋ ಸಂಗತಿ ಇದು.

೧. ಗಿರಾಕಿ

ಬಂದವರು ನಮ್ಮ ಮೇಷ್ಟ್ರು. ಪಿಯುಸಿಯಲ್ಲಿ ನನಗೆ ಫಿಸಿಕ್ಸ್ ಹೇಳಿಕೊಟ್ಟು, ಎರಡು ಸಲ ಫೇಲ್ ಮಾಡಿ, ಕೊನೆಗೆ ಸಾಕಾಗಿ ಪಾಸ್ ಮಾಡಿದವರು. ಈಗ ರಿಟೈರ್ಡ್. ಅವರ ಮನೆಯವರು ಗೌರ್ಮೆಂಟ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಅರ್ಧ ಚಳ್ಳಕೆರೆಗೆ ಸೂಜಿ ಚುಚ್ಚಿದ ಕೈ ಅವರದ್ದು. ಊರಿಗೆಲ್ಲ ಅವರು ನರ್ಸಮ್ಮ. ಇಬ್ಬರೂ ಚರ್ಚಿಗೆ ಹೋಗೋರು.

ಮೇಷ್ಟ್ರಿಗೆ ಚಟ ಅಂದ್ರೆ ಒಂದೇ, ಪ್ರೋಗ್ರೆಸಿವ್ ರಾಕ್. ಅದೇನು ಅಂತ ನಾನೂ ಕೇಳಿದೆ. ಗಿಟಾರು, ಆರ್ಗನ್ನು, ಡ್ರಮ್ಮು ಎಲ್ಲಾ ಸೇರಿ ಒಂದೇ ಹಾಡನ್ನ ಅರ್ಧ ಗಂಟೆ ನುಡಿಸ್ತಾರೆ, ತಾಳ ಏಳಕ್ಕೆ ಹೋಗುತ್ತೆ, ಹನ್ನೊಂದಕ್ಕೆ ಹೋಗುತ್ತೆ, ಆಮೇಲೆ ಎಲ್ಲಿಗೋ ಹೋಗುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳಿದರು. ಓದೋ ಕಾಲದಿಂದ ಕೂಡಿಸಿದ ಕ್ಯಾಸೆಟ್ಟು ಎರಡು ಟ್ರಂಕು ತುಂಬ ಐತೆ. ಆ ಎರಡು ಟ್ರಂಕು ಹಾಲಿನ ಮೂಲೆಯಲ್ಲಿ ಕೂತುಬಿಟ್ಟಿವೆ. ನರ್ಸಮ್ಮ ಗೋದಲಿ ಕಟ್ಟಬೇಕು ಅಂತ ನಲವತ್ತು ವರ್ಷದಿಂದ ಕಣ್ಣಿಟ್ಟಿರೋದು ಅದೇ ಮೂಲೆ ಮೇಲೆ. ಗೋದಲಿ ಅಂದ್ರೆ ಬಾಲ ಯೇಸು ಹುಟ್ಟಿದ ದನದ ಕೊಟ್ಟಿಗೆ, ಕ್ರಿಸ್‌ಮಸ್ಸಿಗೆ ಮನೆಮನೆಯಲ್ಲಿ ಗೊಂಬೆ ಇಟ್ಟು ಕಟ್ತಾರಲ್ಲ, ಅದು. ಜಾಗ ಇಲ್ಲದೆ ಪ್ರತಿ ವರ್ಷ ಪಾಪ ಯೇಸುಸ್ವಾಮಿ ಫ್ರಿಜ್ಜಿನ ಮೇಲೆ ಹುಟ್ತಿದ್ದ.

ಈ ಸಲ ನರ್ಸಮ್ಮನಿಗೆ ತಾಳ್ಮೆ ಮುಗೀತು. ನಿಮ್ಮ ಈ ಗಲಾಟೆಯವರು ಇಷ್ಟು ವರ್ಷದಲ್ಲಿ ನಮ್ಮ ಸ್ವಾಮಿ ಮೇಲೆ ಒಂದಾದ್ರೂ ಹಾಡು ಕಟ್ಟಿದ್ದಾರಾ ಅಂತ ಕೇಳಿದರಂತೆ. ಇದ್ದರೆ ತರಬೇಕು. ಕ್ರಿಸ್‌ಮಸ್ ದಿನ ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ಹಾಕಬೇಕು. ತಾವು ಒಂದು ಮಾತು ಚೆನ್ನಾಗೈತೆ ಅಂದರೆ ಟ್ರಂಕು ಉಳೀತು, ಇಲ್ಲಾಂದ್ರೆ ಮಾರನೇ ದಿನವೇ ಗುಜರಿಯವನಿಗೆ.

"ನೋಡಯ್ಯಾ," ಅಂದರು ಮೇಷ್ಟ್ರು, "ನೀನು ಫೇಲಾದಾಗ ನಾನು ಕೈ ಹಿಡಿದೆ. ಈಗ ನಾನು ಫೇಲಾಗೋ ಹಾಗಿದೀನಿ."

ನನ್ನನ್ನ ಫೇಲ್ ಮಾಡಿದ್ದೇ ಇವರು ಅನ್ನೋದು ನಾಲಿಗೆ ತುದೀವರೆಗೂ ಬಂತು. ನುಂಗಿಕೊಂಡು ಕುರ್ಚಿ ಹಾಕಿದೆ.

೨. ಸಿಪ್ಪೆ ಸುಲಿದ ಹಾಡು

ಮೊದಲು ಕಂಪ್ಯೂಟರಲ್ಲಿ ಹುಡುಕಿದ್ವಿ. ಸಿಗಲ್ಲ ಅಂದ್ಕೊಂಡಿದ್ದೆ, ಸಿಕ್ಕಿತು. ಈ ಗುಂಪಿನವರಲ್ಲೂ ಒಬ್ಬಿಬ್ಬರು ಕ್ರಿಸ್‌ಮಸ್ ಹಾಡು ಹಾಡಿದ್ದಾರೆ. ಒಂದು ಬಾಳ ಚೆನ್ನಾಗಿತ್ತು, ಮೂರೇ ನಿಮಿಷ, ಇಂಪಾಗಿ, ಗಂಟೆ ಶಬ್ದ ಎಲ್ಲಾ ಇತ್ತು. ಕೆಲಸ ಮುಗೀತು ಸಾರ್ ಅಂದೆ. ಮೇಷ್ಟ್ರು ಪೂರ್ತಿ ಕೇಳಿ ತಲೆ ಆಡಿಸಿದರು. ಇಷ್ಟು ಸಲೀಸಾಗಿ ಅರ್ಥ ಆಗೋದು ನಮ್ಮವರ ಹಾಡೇ ಅಲ್ಲ, ಇದನ್ನ ಹಾಕಿ ಗೆದ್ದರೆ ನನ್ನ ಮುಖಕ್ಕೆ ಏನು ಬೆಲೆ ಅಂತ ಎದ್ದು ಹೋದರು.

ಎರಡು ದಿನ ಬಿಟ್ಟು ನಾನೇ ಇಪ್ಪತ್ತಮೂರು ನಿಮಿಷದ್ದು ಒಂದು ಹಿಡಿದೆ. ಹಾಕಿದೆ, ಕಾದೆ. ಬರೀ ವಾದ್ಯ. ಚಹಾ ತರಿಸಿದೆ, ಕುಡಿದೆ, ಗ್ಲಾಸು ವಾಪಸ್ ಕೊಟ್ಟೆ, ಇನ್ನೂ ವಾದ್ಯ. ಎಂಟನೇ ನಿಮಿಷಕ್ಕೆ ಒಬ್ಬ ನಾಲ್ಕು ಸಾಲು ಹಾಡಿದ, ಮತ್ತೆ ಮಾಯ ಆದ. ಫೈಲು ಕೆಟ್ಟೈತೆ ಪಾಪ ಅನ್ನಿಸ್ತು. ಮದುವೆ ಹಾಡಿಗೆ ಮಾಡೋ ಹಾಗೆ ನೀಟಾಗಿ ಕತ್ತರಿಸಿ, ಹಾಡೋ ಜಾಗ ಮಾತ್ರ ಜೋಡಿಸಿ, ಎರಡೂವರೆ ನಿಮಿಷಕ್ಕೆ ತಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.

ಮೇಷ್ಟ್ರು ಸಂಜೆ ಬಂದಾಗ ಕಣ್ಣು ಕೆಂಪಗಿತ್ತು. "ಬಾಳೆಹಣ್ಣು ಕೊಡು ಅಂದರೆ ಸಿಪ್ಪೆ ಪ್ಯಾಕ್ ಮಾಡಿ ಕೊಟ್ಟಿದೀಯಲ್ಲಯ್ಯಾ," ಅಂದರು. ಹಾಡೋದೇ ಸಿಪ್ಪೆ ಅಂತ ಈ ಕಸುಬಿನಲ್ಲಿ ನನಗೆ ಆವತ್ತೇ ಗೊತ್ತಾಗಿದ್ದು.

೩. ಮೊಳಕಾಲ್ಮೂರು ಸೀರೆಯ ಗುಟ್ಟು

ಆಗ ಮೇಷ್ಟ್ರಿಗೆ ಒಂದು ಕ್ಯಾಸೆಟ್ಟು ನೆನಪಾಯ್ತು. ಒಂದು ಕಡೆ ಪೂರ್ತಿ ಒಂದೇ ಹಾಡು, ನಲವತ್ತೈದು ನಿಮಿಷ, ಇಡೀ ಕ್ರಿಸ್‌ಮಸ್ ಕಥೆ ವಾದ್ಯದಲ್ಲೇ ಐತೆ. ಮೂವತ್ತು ವರ್ಷದ ಹಿಂದೆ ಮೊಳಕಾಲ್ಮೂರಿನ ಒಬ್ಬ ಶಿಷ್ಯ ಕೇಳಿ ಇಸ್ಕೊಂಡು ಹೋದವನು ವಾಪಸ್ ಕೊಟ್ಟಿರಲಿಲ್ಲ. ಅವನೀಗ ರೇಷ್ಮೆ ಸೀರೆ ನೇಯ್ತಾನೆ. ನನ್ನ ಬೈಕಲ್ಲಿ ಹೊರಟ್ವಿ.

ದಾರಿಯಲ್ಲಿ ಬಿ.ಜಿ. ಕೆರೆ, ನಮ್ಮೂರು. ಅವ್ವನ ಮನೆ ಮುಂದೆ ಬೈಕು ನಿಲ್ಲಿಸದಿದ್ದರೆ ಮುಂದಿನ ಆರು ತಿಂಗಳು ಮಾತು ಕೇಳಬೇಕು. ರೊಟ್ಟಿ ತಿಂತಾ ಬಂದ ಕೆಲಸ ಹೇಳಿದೆ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಮೇಷ್ಟ್ರನ್ನ ನೋಡಿದಳು.

"ನಲವತ್ತೈದು ನಿಮಿಷಾನಾ? ಅದು ಹಾಡಲ್ಲ ಕಣ್ರಿ, ಹರಿಕಥೆ. ಮಧ್ಯೆ ಮಂಗಳಾರತಿ ತಟ್ಟೆ ಬರ್ತೈತಾ?"

ಮೇಷ್ಟ್ರು ಪಾಪ ಗಂಭೀರವಾಗಿ, ಇಲ್ಲಮ್ಮ, ತಟ್ಟೆ ಇಲ್ಲ, ಮೂರು ಕಡೆ ಮೌನ ಮಾತ್ರ ಬರುತ್ತೆ ಅಂದರು. ಆ ಮಾತು ನಾನು ಆಗಲೇ ಕಿವಿಗೆ ಹಾಕ್ಕೊಂಡಿದ್ದರೆ ಮುಂದಿನದ್ದು ಯಾವುದೂ ಆಗ್ತಿರಲಿಲ್ಲ.

ಮೊಳಕಾಲ್ಮೂರಲ್ಲಿ ಆ ಶಿಷ್ಯನ ಮನೆ ಹತ್ರ ಹೋಗ್ತಿದ್ದ ಹಾಗೇ ಮಗ್ಗದ ಸದ್ದಿನ ಜೊತೆ ಗಿಟಾರ್ ಕೇಳಿಸ್ತು. ಮೇಷ್ಟ್ರು ಅಲ್ಲೇ ನಿಂತುಬಿಟ್ಟರು, ಕಣ್ಣಲ್ಲಿ ನೀರು. ನೇಕಾರ ಮಗ್ಗದ ಗುಂಡಿಯಿಂದ ಎದ್ದು ಬಂದು ಕಾಲು ಮುಟ್ಟಿ, "ಕೂಚೋಂಡಿ ಸಾರ್, ಕೂಚೋಂಡಿ," ಅಂತ ಚಾಪೆ ಹಾಸಿದ. ಆಂಧ್ರದ ಗಡಿಯವನು, ಖುಷಿಯಾದರೆ ತೆಲುಗು ಮೊದಲು ಬರ್ತೈತೆ. ಮೂವತ್ತು ವರ್ಷದಿಂದ ಇದೇ ಕ್ಯಾಸೆಟ್ ಹಾಕ್ಕೊಂಡೇ ನೇಯ್ತಿದ್ದೀನಿ ಅಂದ. ಮೇಷ್ಟ್ರು ನನ್ನ ಕಡೆ ತಿರುಗಿ, ನೋಡು, ಒಬ್ಬನಾದರೂ ಅದರ ತಾಳ ಹಿಡಿದ ಅಂದರು.

"ತಾಳ ಎಲ್ಲೈತೆ ಸಾರ್ ಅದರಲ್ಲಿ?" ಅಂದ ನೇಕಾರ. "ಬೇರೆ ಹಾಡು ಹಾಕಿದ್ರೆ ಕೈಕಾಲು ಅದರ ತಾಳಕ್ಕೆ ಕುಣಿದು ಎಳೆ ತಪ್ಪುತ್ತೆ. ಇದಕ್ಕೆ ತಾಳನೇ ಇಲ್ಲ, ಅದಕ್ಕೆ ಮಗ್ಗ ಅದರ ಪಾಡಿಗೆ ಅದು ನಡೀತೈತೆ."

ಕ್ಯಾಸೆಟ್ಟನ್ನ ಕೊಡೋಕೆ ಅವನಿಗೆ ಮನಸ್ಸೇ ಇಲ್ಲ. ಬಾರ್ಡರಿನ ಕೆಲಸ ಅರ್ಧಕ್ಕೆ ಐತೆ, ಬೇಗ ವಾಪಸ್ ಕೊಡಿ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡ. ಮೂವತ್ತು ವರ್ಷ ಕೊಡದೆ ಇಟ್ಟುಕೊಂಡವನು ನಮಗೆ ಕೊಟ್ಟಿದ್ದು ಎರಡು ದಿನದ ಗಡುವು.

೪. ಏಟು

ಅಂಗಡಿಗೆ ತಂದು ಕ್ಯಾಸೆಟ್ ಒರೆಸಿ, ಹಳೇ ಡೆಕ್ಕಿಗೆ ಹಾಕಿ, ಕಂಪ್ಯೂಟರಿಗೆ ಇಳಿಸೋಕೆ ಶುರು ಮಾಡಿದೆ. ಹನ್ನೆರಡನೇ ನಿಮಿಷಕ್ಕೆ ಸದ್ದು ನಿಂತೇಹೋಯ್ತು. ಸೆಟ್ಟು ನಿಂತರೆ ಮೈಕಿನವನ ಕೈ ಬುದ್ಧೀನ ಕೇಳೋದಿಲ್ಲ. ಡೆಕ್ಕಿನ ನೆತ್ತಿಗೆ ಫಟ್ ಅಂತ ಬಾರಿಸಿದೆ. ಹಾಡು ಕರೆಕ್ಟಾಗಿ ಶುರುವಾಯ್ತು. ನನ್ನ ಕೈಗುಣ ನೋಡಿ ನನಗೇ ಹೆಮ್ಮೆ ಆಯ್ತು.

ಮೇಷ್ಟ್ರು ಕುರ್ಚಿಯಿಂದ ಜಿಗಿದು ನನ್ನ ಕೈ ಹಿಡ್ಕೊಂಡರು. ಅದು ಕೆಟ್ಟಿರಲಿಲ್ಲ, ದೇವದೂತ ಬರೋ ಮುಂಚಿನ ಮೌನ ಅದು, ಇನ್ನೂ ಎರಡು ಐತೆ ಅಂತ ಬೇಡಿಕೊಂಡರು.

"ಆ ಮೌನವನ್ನೂ ಅವರೇ ನುಡಿಸಿರೋದು ಕಣಯ್ಯಾ. ಹಾಡಿನ ಜೀವ ಇರೋದೇ ಅಲ್ಲಿ."

ಮೊದಲಿಂದ ಮತ್ತೆ ಇಳಿಸಿದ್ವಿ. ಮೂರು ಮೌನ ಬರುವಾಗಲೂ ಮೇಷ್ಟ್ರು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದರು. ಅದೇ ಹೊತ್ತಿಗೆ ಒಂದು ಮದುವೆ ಬುಕ್ ಮಾಡೋಕೆ ಬಂದ ಬೀಗರು ನಮ್ಮನ್ನ ಬಾಗಿಲಲ್ಲೇ ನೋಡಿ ಆಮೇಲೆ ಬರ್ತೀವಿ ಅಂತ ಹೋದವರು ಇನ್ನೂ ಬಂದಿಲ್ಲ.

೫. ಪಂಕ್ತಿ

ಕ್ರಿಸ್‌ಮಸ್ ದಿನ ಮಧ್ಯಾಹ್ನ ಚರ್ಚಿನ ಅಂಗಳ ತುಂಬಿತ್ತು. ಚರ್ಚಿನವರ ಜೊತೆ ನಮ್ಮಂಥೋರೂ ಬೇಕಾದಷ್ಟು ಜನ, ಆ ಬಿರಿಯಾನಿಗೆ ಊರೇ ಬರ್ತೈತೆ. ಹಿಂದುಗಡೆ ಶಾಮಿಯಾನದಲ್ಲಿ ಊಟ. ಬಡಿಸೋ ಉಸ್ತುವಾರಿ ನರ್ಸಮ್ಮಂದು. ಪ್ರತಿ ವರ್ಷ ಅಲ್ಲಿ ನೂಕುನುಗ್ಗಲು, ಒಂದು ಪಂಕ್ತಿ ಏಳೋ ಮುಂಚೆ ಇನ್ನೊಂದು ಪಂಕ್ತಿ ಬೆನ್ನ ಹಿಂದೆ ನಿಂತಿರ್ತೈತೆ. ನರ್ಸಮ್ಮನ ಗಂಟಲು ಹೊಸ ವರ್ಷದವರೆಗೆ ಕೂತಿರ್ತೈತೆ.

ಮೇಷ್ಟ್ರು ಹೊಸ ಅಂಗಿ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತರು. ಮುಖ ಪರೀಕ್ಷೆ ಬರೆಯೋಕೆ ಬಂದವರ ಥರ ಬಿಳಿಚಿಕೊಂಡಿತ್ತು. ನಾನು ಹಾಡು ಹಾಕಿ, ಸೆಟ್ಟಿಗೆ ಬಾರಿಸಲ್ಲ ಅಂತ ಮೇಷ್ಟ್ರಿಗೆ ಕೊಟ್ಟ ಮಾತಿನ ಪ್ರಕಾರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಜನ ಪಾಪ ಮರ್ಯಾದೆಯಿಂದ ಕೂತಿದ್ದರು. ಹತ್ತು ನಿಮಿಷ ಆಯ್ತು, ಹನ್ನೊಂದಾಯ್ತು. ಪರವಾಗಿಲ್ಲ, ಮೇಷ್ಟ್ರು ಗೆಲ್ತಾರೆ ಅನ್ನಿಸ್ತು.

ಹನ್ನೆರಡನೇ ನಿಮಿಷಕ್ಕೆ ದೇವದೂತ ಬರೋ ಮುಂಚಿನ ಮೌನ ಬಂತು. ಹಾಡು ನಿಂತಿತು. ಇಡೀ ಅಂಗಳ ಒಂದೇ ಸಲಕ್ಕೆ ಎದ್ದು ನಿಂತಿತು.

ಹಾಡು ನಿಂತರೆ ಊಟ ರೆಡಿ! ಎರಡನೇ ಶಾಸ್ತ್ರ ನನಗೇ ಮರೆತುಹೋಗಿತ್ತಲ್ಲ. ಮೇಷ್ಟ್ರು ಎರಡೂ ಕೈ ಚಾಚಿ, ಕೂತ್ಕೊಳ್ರಪ್ಪ, ಮುಗಿದಿಲ್ಲ, ಇದು ಮೌನ ಅಂತ ಅಡ್ಡ ಹೋದರು. ಅವರನ್ನ ಪಕ್ಕಕ್ಕೆ ಸರಿಸಿ, ನೀವೂ ಬರ್ರಿ ಮೇಷ್ಟ್ರೇ, ಬಿಸಿ ಐತೆ ಅಂತ ಜನ ನಡೆದೇಬಿಟ್ಟರು. ಜಾಗ ಸಿಕ್ಕವರು ಎಲೆ ಮುಂದೆ ಕೂತರು. ಅಷ್ಟರಲ್ಲಿ ಹಾಡು ಮತ್ತೆ ಶುರುವಾಯ್ತು. ನಮ್ಮ ಕಡೆ ಹಾಡು ಮತ್ತೆ ಬಂತು ಅಂದ್ರೆ ಪಂಕ್ತಿ ತುಂಬಿತು, ಉಳಿದವರು ಕಾಯಬೇಕು ಅಂತ. ಮಿಕ್ಕವರು ತೆಪ್ಪಗೆ ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

ಮೊದಲ ಪಂಕ್ತಿ ಕೈ ತೊಳೆಯೋ ಹೊತ್ತಿಗೆ ಸರಿಯಾಗಿ ಎರಡನೇ ಮೌನ ಬಂತು. ಎರಡನೇ ಪಂಕ್ತಿ ಎದ್ದು ಹೋಯ್ತು. ಅವರು ಉಣ್ಣೋತನಕ ಆರ್ಗನ್ನು, ಡ್ರಮ್ಮು, ಗಿಟಾರು ಗುದ್ದಾಡಿದವು. ಅವರದ್ದು ಮುಗೀತಿದ್ದ ಹಾಗೇ ಮೂರನೇ ಮೌನ, ಮೂರನೇ ಪಂಕ್ತಿ. ಕೊನೆ ಎಲೆ ಎತ್ತೋದಕ್ಕೂ ಹಾಡಿನ ಕೊನೆ ಗಂಟೆ ಬಾರಿಸೋದಕ್ಕೂ ಸರಿಹೋಯ್ತು. ಒಬ್ಬರೂ ನೂಕಲಿಲ್ಲ, ಒಬ್ಬರೂ ಬೈಯಲಿಲ್ಲ. ಹೋಗೋರೆಲ್ಲ ನನ್ನ ಬೆನ್ನು ತಟ್ಟಿ, ಎಷ್ಟು ಅಳತೆಯಾಗಿ ನಿಲ್ಲಿಸಿ ನಿಲ್ಲಿಸಿ ಹಾಕಿದೆಪ್ಪ ಅಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನ ಹೊಗಳಿದ್ದು ಅದೇ ಮೊದಲು, ಅದೂ ನಾನು ಕೈ ಕಟ್ಟಿಕೊಂಡು ನಿಂತ ದಿನ.

ಆದ್ರೆ ಮೇಷ್ಟ್ರು ಖಾಲಿ ಕುರ್ಚಿಗಳ ಮಧ್ಯೆ ತಲೆ ತಗ್ಗಿಸಿ ಕೂತಿದ್ದರು. ಊಟ ಮಾಡಿರಲಿಲ್ಲ. ನಲವತ್ತು ವರ್ಷದ ಟ್ರಂಕು ನಾಳೆ ಗುಜರಿಗೆ ಹೋಗ್ತೈತೆ, ಯಾರೂ ಹಾಡು ಕೇಳಲೇ ಇಲ್ಲ ಕಣಯ್ಯಾ ಅಂದರು.

ನರ್ಸಮ್ಮ ಸೆರಗಿಗೆ ಕೈ ಒರೆಸ್ಕೊಂಡು ಬಂದರು. ಇನ್ನೊಂದು ಕೈಯಲ್ಲಿ ಮೇಷ್ಟ್ರಿಗೆ ಅಂತ ತೆಗೆದಿಟ್ಟ ಬಿರಿಯಾನಿ ತಟ್ಟೆ. ಗಂಟಲು ಗಂಟೆ ಹಾಗಿತ್ತು, ಕೂತಿರಲಿಲ್ಲ. ತಟ್ಟೆ ಕೈಗೆ ಕೊಟ್ಟು, ಟ್ರಂಕು ಇರ್ಲಿ ಬಿಡ್ರಿ ಅಂದರು. ಅದರ ಮೇಲೆ ಒಂದು ಚಳ್ಳಕೆರೆ ಕಂಬಳಿ ಹಾಸಿದರೆ ಗೋದಲಿ ಅಲ್ಲೇ ಕೂರ್ತೈತೆ, ಇಷ್ಟು ವರ್ಷ ಈ ಬುದ್ಧಿ ಇಬ್ಬರಿಗೂ ಬರಲಿಲ್ಲ ನೋಡ್ರಿ ಅಂತ ತಾವೇ ನಕ್ಕರು.

ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. ಹಾಗಾದ್ರೆ ಹಾಡು ಇಷ್ಟ ಆಯ್ತಾ ಅಂತ ಮೆಲ್ಲಗೆ ಕೇಳಿದರು.

ನರ್ಸಮ್ಮ ಸ್ವಲ್ಪ ಯೋಚನೆ ಮಾಡಿದರು. ಸುಳ್ಳು ಹೇಳೋ ಹೆಂಗಸಲ್ಲ.

"ಹಾಡು ಬಿಡ್ರಿ, ಎಂದಿನ ಗಲಾಟೆ. ಆದ್ರೆ ಮಧ್ಯೆ ಮೂರು ಸಲ ನಿಂತಿತಲ್ಲ, ಅದು ಮಾತ್ರ ಬಾಳ ಚೆನ್ನಾಗಿತ್ತು."

ಮೇಷ್ಟ್ರು ತಟ್ಟೆ ಹಿಡ್ಕೊಂಡೇ ನನ್ನ ಕಡೆ ತಿರುಗಿದರು. ಫಸ್ಟ್ ಕ್ಲಾಸಲ್ಲಿ ಪಾಸಾದವರ ಮುಖ.

"ನೋಡಿದೆಯಾ, ಸರಿಯಾಗಿ ಹಾಡಿನ ಜೀವಾನೇ ಹಿಡಿದಿದಾಳೆ."