ಲಿಫ್ಟಿಗೆ ಅರ್ಹವಾದ ಉರಿಯೂತ

ವಿಲೆ ಪಾರ್ಲೆಯ ನಮ್ಮ ಸೊಸೈಟಿಯ ಲಿಫ್ಟನ್ನು ಹೃದ್ರೋಗಿಗಳನ್ನು ಬಿಟ್ಟು ಬೇರೆ ಯಾರೂ ಹತ್ತತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದ ದಿನವೇ ಬಿಲ್ಡಿಂಗಿನ ನಲವತ್ತೆರಡು ಮಂದಿ ಎದೆ ಹಿಡಿದುಕೊಂಡರು. ಮೋಟಾರು ಮುದಿಯಾಗಿತ್ತು; ಅಷ್ಟು ಎದೆಗಳ ಭಾರ ತಾಳುವಂತಿರಲಿಲ್ಲ. ಆದ್ದರಿಂದ ಕಮಿಟಿ ವಿಜ್ಞಾನದ ಮೊರೆ ಹೋಯಿತು.

ಹೃದಯ ಸೋತವರ ರಕ್ತದಲ್ಲಿ ಸಿಆರ್‌ಪಿ ಎಂಬ ಉರಿಯೂತದ ಅಂಕಿ ಹೆಚ್ಚಿರಬಹುದು ಎಂದು ಸೆಕ್ರೆಟರಿ ಶೇಖರ ಎಲ್ಲೋ ಓದಿದ್ದರು. ‘ಇರಬಹುದು’ ಎಂಬ ಮಾತು ನೋಟಿಸಿಗೆ ಶೋಭಿಸದ ಕಾರಣ ಅದನ್ನು ಕೈಬಿಡಲಾಯಿತು. ಬೋರ್ಡಿನ ಮೇಲೆ ಹೀಗೆ ಬಂತು: ‘ಸಿಆರ್‌ಪಿ ಹತ್ತಕ್ಕೆ ಮೇಲ್ಪಟ್ಟವರನ್ನು ಮಾತ್ರ ಹೃದ್ರೋಗಿಗಳೆಂದು ಪರಿಗಣಿಸಿ ಲಿಫ್ಟ್ ಪಾಸು ಕೊಡಲಾಗುವುದು. ಪಾಸುದಾರರು ಜೊತೆಗೆ ಒಂದು ಸಾಮಾನು ಒಯ್ಯಬಹುದು.’

ಐದನೇ ಮಹಡಿಯ ಶೆಟ್ಟೆಪ್ಪನವರದು ನಿಜವಾಗಿಯೂ ಸೋತ ಹೃದಯ. ಮೆಟ್ಟಿಲು ಹತ್ತಿದರೆ ಜೀವಕ್ಕೇ ಅಪಾಯ ಎಂದು ಪರೇಲಿನ ಡಾಕ್ಟರು ಬರೆದುಕೊಟ್ಟಿದ್ದರು. ರಕ್ತದ ವರದಿ ಬಂತು: ಮೂರು. ಏಳನೇ ಮಹಡಿಯ ಶೇಖರರದು ಮೂವತ್ತೆಂಟು. ಅವರ ಹೃದಯ ಗಟ್ಟಿಯಾಗಿತ್ತು, ದವಡೆ ಹಲ್ಲು ಕೀವು ಕಟ್ಟಿತ್ತು. ಎರಡರ ಭೇದ ಅಂಕಿಗೆ ತಿಳಿಯದು. ಕಮಿಟಿಗೆ ತಿಳಿದಿರಬೇಕೆಂಬ ನಿಯಮವೂ ಇಲ್ಲ.

ಶೆಟ್ಟೆಪ್ಪನವರ ಹೆಂಡತಿ ಚನ್ನವ್ವ ನೇರ ಆಫೀಸಿಗೆ ಬಂದರು.

“ಶೇಖರಣ್ಣಾ, ನಮ್ಮವ್ರು ನಾಕು ಮೆಟ್ಟಲಾ ಏರಿದ್ರ ದಮ್ಮ ಹತ್ತತೈತ್ರೀ. ನಿಮ್ಮ ಕಮಿಟಿಗೇನ್ ಧಾಡಿ ಬಡದೈತ್ರೀ?”

“ನನಗೂ ಬೇಜಾರುಂಟು ಮಾರಾಯ್ರೆ. ಆದ್ರೆ ಮೂರು ಅಂದ್ರೆ ಮೂರೇ ಅಲ್ವಾ? ಅವರದ್ದೊಂದು ಹಲ್ಲಾದ್ರೂ ಹಾಳಾಗಿದ್ರೆ ನೋಡ್ಬಹುದಿತ್ತು.”

“ಬಾಯಾಗ ಒಂದೂ ಹಲ್ಲಿಲ್ರೀ. ಎಲ್ಲಾ ಕಟ್ಟಿಸಿದ್ದು.”

“ಹಾಗಾದ್ರೆ ಕಷ್ಟ.”

ಅಂದು ಶೆಟ್ಟೆಪ್ಪ ಮನೆ ಸೇರಲು ಒಂದೂವರೆ ತಾಸು ಹಿಡಿಯಿತು. ಮೂರನೇ ಮಹಡಿಯಲ್ಲಿ ನಮ್ಮ ಮನೆಯ ಕುರ್ಚಿಯ ಮೇಲೆ ಕೂತು, ತುಟಿ ನೀಲಿಯಾಗಿ, “ಸ್ವಲ್ಪ ತಡೀರಿ” ಎಂದರು. ನನಗೆ ಹೊಟ್ಟೆ ಉರಿಯಿತು. ಆ ಉರಿಗೆ ಅಂಕಿ ಇಲ್ಲವಾದ್ದರಿಂದ ದೂರು ಸ್ವೀಕಾರವಾಗಲಿಲ್ಲ.

ಚನ್ನವ್ವ ಮಾತ್ರ ನೋಟಿಸನ್ನು ಇನ್ನೊಮ್ಮೆ ಓದಿದರು. ಮರುದಿನ ಶೇಖರ ಲಿಫ್ಟಿಗೆ ಬಂದಾಗ ಗಂಡನನ್ನು ಅವರ ಪಕ್ಕ ನಿಲ್ಲಿಸಿ, “ಇವ್ರನ್ನ ನಿಮ್ಮ ಸಾಮಾನಂತ ಬರಕೋರಿ” ಎಂದರು.

ನಿಯಮಾವಳಿ ತೆರೆದು ನೋಡಲಾಯಿತು. ಸಾಮಾನು ಉಸಿರಾಡಬಾರದೆಂದು ಎಲ್ಲಿಯೂ ಇರಲಿಲ್ಲ. ಲಿಫ್ಟ್‌ಮ್ಯಾನ್ ದೂಜ ರಿಜಿಸ್ಟರ್ ಬಿಡಿಸಿ, “ಒಡೆಯುವ ಸಾಮಾನಾ?” ಎಂದು ಕೇಳಿದ.

“ಹೌದಪಾ,” ಎಂದರು ಶೆಟ್ಟೆಪ್ಪ.

ಈಗ ಹಲ್ಲಿನ ಡಾಕ್ಟರು ಶೇಖರರ ಹಲ್ಲು ಕೀಳಲೇಬೇಕು ಎನ್ನುತ್ತಿದ್ದಾರೆ. ಕಿತ್ತರೆ ಪಾಸು ಹೋಗುತ್ತದೆ, ಪಾಸಿನ ಜೊತೆ ಸಾಮಾನೂ. ಕಮಿಟಿ ತುರ್ತು ಸಭೆ ಸೇರಿ ಹಲ್ಲನ್ನು ಉಳಿಸಿಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಿದೆ; ಶೇಖರರೇ ಅನುಮೋದಿಸಿದರು. ದಿನಾ ಬೆಳಿಗ್ಗೆ ಚನ್ನವ್ವ ಲಿಫ್ಟಿನ ಬಳಿ ಕಾದಿದ್ದು ವಿಚಾರಿಸುತ್ತಾರೆ.

“ಹಲ್ಲು ಹೆಂಗೈತ್ರೀ?”

“ಜೀವ ಹೋಗ್ತಾ ಉಂಟು,” ಎಂದು ಶೇಖರ ಕೆನ್ನೆ ಹಿಡಿಯುತ್ತಾರೆ.

“ದೇವರು ದೊಡ್ಡಾಂವ,” ಎಂದು ಚನ್ನವ್ವ ಕೈಮುಗಿದು, ಗಂಡನನ್ನು ಒಳಗೆ ಕಳಿಸುತ್ತಾರೆ.