ಮಂಗಳಲೋಕದ ಮೂರನೆಯ ಕಣ್ಣು

ನಾನು ಪುಕ್ಕಲ. ಪುಕ್ಕಲರಲ್ಲೂ ನನ್ನದು ಬೇರೆಯೇ ಜಾತಿ. ಉಳಿದವರು ಹಾವು, ಚಿರತೆ, ತಹಸೀಲ್ದಾರರು ಇಂಥ ಕಣ್ಣಿಗೆ ಕಾಣುವವರಿಗೆ ಹೆದರುತ್ತಾರೆ. ನಾನು ಕೈಯಾರೆ ಹುಟ್ಟಿಸಿದ ಪ್ರಾಣಿಗೇ ಹೆದರಿ ಎರಡು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ.

ಆಗ ನಾನು ಹೊಸಪೇಟೆಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ದಿನವೆಲ್ಲ ಕಾಲುವೆ ನೀರಿನ ತಕರಾರು ಅರ್ಜಿಗಳನ್ನು ನಕಲು ಮಾಡಿ ಬೇಸತ್ತು, ಸಂಜೆ ಕೂತು ಮಂಗಳಗ್ರಹದವರ ಮೇಲೊಂದು ಕಥೆ ಬರೆಯತೊಡಗಿದ್ದೆ. ಅಲ್ಲೂ ಕಾಲುವೆಗಳಿವೆಯೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ತಕರಾರು ಇದೆಯೆಂದು ಬರೆದಿರಲಿಲ್ಲ. ಆ ಲೋಕ ನನಗೆ ಹಿಡಿಸಿದ್ದು ಅದಕ್ಕೇ. ನನ್ನ ಮಂಗಳದವರಿಗೆ ಹಣೆಯಲ್ಲಿ ಮೂರನೆಯ ಕಣ್ಣು, ಮೊಣಕಾಲಲ್ಲಿ ಕಿವಿ. ಬಾಯಿ ಇಲ್ಲವೇ ಇಲ್ಲ.

ಬರೆದಷ್ಟನ್ನೂ ಹೆಂಡತಿ ಗೌರಮ್ಮನಿಗೆ ಓದಿ ಹೇಳುತ್ತಿದ್ದೆ. ಅವಳಿಗೆ ಚೊಚ್ಚಲು, ಏಳು ತಿಂಗಳು. ಜೋಳ ಕೇರುತ್ತ ಕೂತವಳು ಕೇಳಿದಳು:

"ಅಲ್ರಿ, ಬಾಯಿ ಇಲ್ಲಂದ್ರ ಉಣ್ಣಾದು ಹೆಂಗ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಗಿಡದ ಎಲಿ ಹಂಗ, ಚರ್ಮದಿಂದನ ಬಿಸಿಲು ಕುಡೀತಾರ" ಎಂದೆ.

"ಹಂಗಾದ್ರ ರೊಟ್ಟಿ ಬಡಿಯಾದಿಲ್ಲ! ಪುಣ್ಯವಂತ ಹೆಣ್ಮಕ್ಳು. ಮತ್ತ ಹಡಿಯಾದು?"

"ತತ್ತಿ ಇಡ್ತಾರ. ಗಂಡ ಅದನ್ನ ಬೆನ್ನಿನ ಚೀಲದಾಗ ಒಂಬತ್ತು ತಿಂಗಳು ಹೊತ್ಕೊಂಡು ತಿರುಗ್ತಾನ."

ಅವಳು ನಕ್ಕ ನಗೆಗೆ ಮೊರದ ಜೋಳ ಚೆಲ್ಲಿತು. "ಕಥ್ಯಾಗ ಬ್ಯಾರೆ ಏನರ ಹೊಡದ್ ಹಾಕ್ರಿ, ಇದನ್ನ ಮಾತ್ರ ಹೊಡಿಬ್ಯಾಡ್ರಿ."

ಮಗಳನ್ನು ಹೆರಿಗೆಗೆ ಕರೆದೊಯ್ಯಲು ಅಂದೇ ಕಂಪ್ಲಿಯಿಂದ ಬಂದಿದ್ದ ನಮ್ಮತ್ತೆ ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ಕೇಳುತ್ತಿದ್ದರು.

"ಬುದ್ಧಿ ಐತೇನ್ರಿ ನಿಮಗ? ಬಸುರಿ ಮುಂದ ಮೂರು ಕಣ್ಣು, ಮೊಣಕಾಲಾಗ ಕಿವಿ ಅಂತ ಹೇಳ್ತೀರಲ್ಲ! ಕೂಸಿಗೆ ತಟ್ಟತೈತಿ."

"ಶಿವಗೂ ಮೂರು ಕಣ್ಣು ಅದಾವಲ್ಲ, ಅತ್ತಿ?"

"ಶಿವ ದೇವ್ರು. ನನ್ನ ಮೊಮ್ಮಗ ಸಾಲಿಗೆ ಹೋಗಬೇಕ್ರಿ!"

ಮರುದಿನ ಇಬ್ಬರನ್ನೂ ಕಂಪ್ಲಿ ಬಸ್ಸು ಹತ್ತಿಸಿದೆ. ಅತ್ತೆಯ ಮೂಢನಂಬಿಕೆಗೆ ನಗು ಬಂತು. ಆ ನಗು ಬಸ್ಸು ತಿರುವು ದಾಟುವವರೆಗೆ ಇತ್ತು. ಮನೆಗೆ ಬಂದವನಿಗೆ, ಚಿಕ್ಕಂದಿನಲ್ಲಿ ಕಮಲಾಪುರದಲ್ಲಿ ನೋಡಿದ ಎರಡು ತಲೆಯ ಕರು ನೆನಪಾಯಿತು. ಅದರ ತಾಯಿಗೆ ಯಾರು ಏನು ಕಥೆ ಹೇಳಿದ್ದರೋ! ತಕ್ಷಣ ಮಸಿಕುಡಿಕೆ ತೆಗೆದು ಮೂರನೆಯ ಕಣ್ಣನ್ನು ಹೊಡೆದುಹಾಕಿದೆ. ಕಿವಿಗಳನ್ನು ಮೊಣಕಾಲಿನಿಂದ ಕಿತ್ತು ತಲೆಗೆ ತಂದೆ. ಬಾಯಿ ಕೊಟ್ಟೆ, ಹಲ್ಲು ಕೊಟ್ಟೆ. ವಾರದೊಳಗೆ ನನ್ನ ಮಂಗಳದವರು ಥೇಟು ಕಂಪ್ಲಿಯವರ ಹಾಗಾದರು. ಆದರೂ ಭಯ ಹೋಗಲಿಲ್ಲ. ಒಂದು ದಿನ ತಡೆಯಲಾರದೆ ಡಾಕ್ಟರ ಬಳಿ ಹೋದೆ.

"ಒಂದು ಕಥಿಗೆ ಬೇಕಾಗೇತ್ರಿ. ತಾಯಿ ಕೇಳಿದ ಮಾತಿಗೆ ಹೊಟ್ಯಾಗಿನ ಕೂಸಿನ ಅಂಗಾಂಗ ಬದಲಾಗತಾವೇನ್ರಿ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕಥಿಯೊಳಗಿನ ತಾಯಿಗೆ ಎಷ್ಟು ತಿಂಗಳ್ರಿ?"

"ಎಂಟು."

"ಮಾತಿಗೆ ಏನೂ ಆಗಾದಿಲ್ಲ. ಕಥಿಯೊಳಗಿನ ತಂದಿಗೆ ನಿದ್ದಿ ಔಷಧ ಬರಕೊಡ್ತೀನಿ, ಒಯ್ರಿ."

ಕಡೆಗೊಂದು ಮಧ್ಯಾಹ್ನ ಗೌರಮ್ಮನ ಅಣ್ಣ ಸಕ್ಕರೆ ಪೊಟ್ಟಣ ಹಿಡಿದು ಕಚೇರಿಗೇ ಬಂದ.

"ಹೆಣ್ಣು ಕೂಸ್ರಿ, ಮಾವಾರ!"

"ಕಣ್ಣೆಷ್ಟು?" ಎಂದೆ.

ಸಕ್ಕರೆ ಹಿಡಿದ ಅವನ ಕೈ ಹಾಗೇ ನಿಂತಿತು. ಪಕ್ಕದ ಮೇಜಿನವರೆಲ್ಲ ತಲೆ ಎತ್ತಿದರು. ನಾನು ಉತ್ತರಕ್ಕೂ ಕಾಯದೆ ರಜೆಯ ಅರ್ಜಿ ಗೀಚಿ ಅವನ ಜೊತೆಗೇ ಕಂಪ್ಲಿಗೆ ಹೊರಟೆ.

ಅತ್ತೆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು. ಮುದ್ದು ಮಾಡುವ ನೆಪದಲ್ಲಿ ಬಟ್ಟೆ ಬಿಚ್ಚಿ ನೋಡಿದೆ. ಕಣ್ಣು ಎರಡೇ. ಮೊಣಕಾಲು ಬರೀ ಮೊಣಕಾಲು. ಬೆನ್ನು ಸಪಾಟು. ಎದೆಯ ಮೇಲಿನ ಬಂಡೆ ಇಳಿದಂತಾಗಿ, ಹರಸೋಣವೆಂದು ತಲೆಯ ಮೇಲೆ ಕೈ ಇಟ್ಟೆ. ನೆತ್ತಿ ಮೆತ್ತಗಿತ್ತು. ಅಷ್ಟೇ ಅಲ್ಲ, ಒಳಗಿನಿಂದ ಏನೋ ಟಪ್ ಟಪ್ ಎಂದು ಬಡಿಯುತ್ತಿತ್ತು!

"ಅತ್ತೀ! ತಲ್ಯಾಗ ಎಲುಬ ಇಲ್ರಿ! ಒಳಗ ಏನೋ ಜೀವ ಐತ್ರಿ!"

ಗೌರಮ್ಮ ದಿಂಬಿನಲ್ಲಿ ಮುಖ ಮುಚ್ಚಿ ನಕ್ಕಳು. ಅತ್ತೆ ಕೂಸನ್ನು ಎತ್ತಿಕೊಂಡು, ಅಂಗೈಯಲ್ಲಿ ಹರಳೆಣ್ಣೆ ತೆಗೆದುಕೊಂಡು ಆ ನೆತ್ತಿಗೆ ಮೆಲ್ಲಗೆ ಒತ್ತಿದರು.

"ಎಲ್ಲಾ ಕೂಸಿಗೂ ಹಿಂಗ ಇರತೈತ್ರಿ. ನಿಮಗೂ ಇತ್ತು. ಆಮ್ಯಾಲೆ ಗಟ್ಟಿ ಆಗೇತೋ ಇಲ್ಲೋ, ನಿಮ್ಮ ಅವ್ವಾರ್ನ ಕೇಳಬೇಕು."

ಅವರು ಅತ್ತ ತಿರುಗಿದಾಗ ನಾನು ಮೆಲ್ಲನೆ ಟೋಪಿ ತೆಗೆದು ನನ್ನ ನೆತ್ತಿಯನ್ನು ಒತ್ತಿ ನೋಡಿಕೊಂಡೆ.