ಅತ್ತೆ ಬರೆದ ವಾರಂಟಿ

ಮುಕರಾಟಿಯ ನಾಲಿಗೆಯ ಮುಂದೆ ಇಡೀ ಮಸ್ವಿಂಗೊ ಪಟ್ಟಣದಲ್ಲಿ ಯಾರ ಆಟವೂ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಮುಕರಾಟಿಯೇ ಹುಡುಕಿಕೊಂಡು ಹೋಗಿ ಹೇಳುತ್ತಿದ್ದ.

ನಮ್ಮಲ್ಲಿ ಹೆಣ್ಣು ಕೇಳಲು ಗಂಡಾಗಲಿ ಗಂಡಿನ ಅಪ್ಪನಾಗಲಿ ಹೋಗುವಂತಿಲ್ಲ. ಅದಕ್ಕೊಬ್ಬ ರಾಯಭಾರಿ ಬೇಕು, ಅವನಿಗೆ ಮುನ್ಯಾಯಿ ಅಂತ ಹೆಸರು. ಮುಕರಾಟಿ ಮೂವತ್ತೇಳು ಮದುವೆಗಳ ಮುನ್ಯಾಯಿ. ಹೆಣ್ಣಿನ ತಂದೆ ತೆರ ಅಂತ ಹತ್ತು ಹಸು ಕೇಳಿದರೆ ಏಳಕ್ಕೆ ಇಳಿಸಿ, ತನ್ನ ಊಟಕ್ಕೆ ಒಂದು ಮೇಕೆ ಕಡಿಸಿ, ಹೊರಡುವಾಗ ಚಳಿ ಅಂತ ನೆಪ ಹೇಳಿ ಆ ತಂದೆಯ ಕೋಟನ್ನೇ ತೊಟ್ಟು ಬಂದವನು. ಮೊಸಳೆಯ ಹತ್ತಿರ ಹಲ್ಲು ಕಡ ತಂದವನು ಅಂತಲೂ ಒಂದು ಸುದ್ದಿ ಇತ್ತು. ಮೊಸಳೆಯನ್ನು ಕೇಳಿ ಖಚಿತ ಮಾಡಿಕೊಳ್ಳಲು ಯಾರೂ ಹೋಗಿರಲಿಲ್ಲ, ಅಷ್ಟೆ.

ಇಂಥವನ ಹೆಂಡತಿ ಮಾಯಿ ರೂಡೊ ಒಂದು ಲ್ಯಾಪ್‌ಟಾಪ್ ಕೊಳ್ಳಲು ಹೊರಟಳು. ಊರಿನ ಮದುವೆಗಳಿಗೂ ಸಾವುಗಳಿಗೂ ಯಾರು ಯಾವಾಗ ಮಾತಾಡಬೇಕು, ಯಾವ ಹಾಡು ಹಾಡಬೇಕು ಅಂತ ಕಾರ್ಯಕ್ರಮದ ಹಾಳೆ ಮಾಡಿಕೊಡುವುದು ಅವಳ ಕೆಲಸ. ಇಷ್ಟು ದಿನ ಬೇರೆಯವರ ಕಂಪ್ಯೂಟರಿನ ಮುಂದೆ ಕಾದು ಕೂರುತ್ತಿದ್ದಳು. ಎರಡು ವರ್ಷ ಕೋಳಿ ಸಾಕಿ, ಮಾರಿ, ಈಗ ಸ್ವಂತದ್ದಕ್ಕೆ ಕೈ ಹಾಕಿದ್ದಳು. ಅಂಗಡಿಯವರು ಒಂದು ವರ್ಷದ ವಾರಂಟಿ ಸುಮ್ಮನೆ ಕೊಡುತ್ತಾರಂತೆ. ಅರವತ್ತು ಡಾಲರ್ ಹೆಚ್ಚು ಕೊಟ್ಟರೆ ಮೂರು ವರ್ಷವಂತೆ, ಬಿದ್ದು ಒಡೆದರೂ ಬದಲಾಯಿಸಿ ಕೊಡುತ್ತಾರಂತೆ.

"ಅರವತ್ತು ಹೋಗ್ಲಿ, ಆರೂ ಕೊಡಲ್ಲ," ಅಂದ ಮುಕರಾಟಿ. "ಮಾಲು ಒಳ್ಳೇದಾದ್ರೆ ವಾರಂಟಿ ಯಾಕೆ? ಕೆಟ್ಟದಾದ್ರೆ ಮಾಲೇ ಯಾಕೆ?"

"ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತೆ, ಶುಂಬಾ," ಅಂದಳು ಮಾಯಿ ರೂಡೊ. ಶುಂಬಾ ಅಂದರೆ ಸಿಂಹ, ಮುಕರಾಟಿಯ ಕುಲದ ಹೆಸರು. ಗಂಡನನ್ನು ಹೊಗಳುವಾಗಲೂ ಅವಳು ಹಾಗೇ ಕರೆಯುತ್ತಿದ್ದಳು, ತೆಗಳುವಾಗಲೂ ಹಾಗೇ ಕರೆಯುತ್ತಿದ್ದಳು. ಯಾವುದು ಯಾವುದೆಂದು ಧ್ವನಿಯಿಂದಲೇ ತಿಳಿಯಬೇಕು. "ಮೊನ್ನೆ ಕರೆಂಟ್ ಬಂದ ರಭಸಕ್ಕೆ ಫ್ರಿಜ್ಜು ನಡೆದುಕೊಂಡು ಬಾಗಿಲ ತನಕ ಬಂದಿತ್ತು. ನನ್ನ ಕೋಳಿ ದುಡ್ಡು ಹೊಗೆಯಾಗಿ ಹೋದ್ರೆ ನೀವು ಕೊಡ್ತೀರಾ?"

ಬೇಲಿಯಾಚೆಯಿಂದ ನೆರೆಮನೆಯ ಗ್ವಾಸಿರಾ ಕತ್ತು ಚಾಚಿದ. ಎರಡು ತಿಂಗಳಲ್ಲಿ ಅವನ ಮಗನ ಮದುವೆ. ಅದಕ್ಕೂ ಮುಕರಾಟಿಯೇ ಮುನ್ಯಾಯಿ.

"ಕೊಟ್ಟುಬಿಡು ಮಾರಾಯ. ಆ ಅಂಗಡಿ ಹುಡುಗಿ ಹತ್ರ ಯಾರ ಮಾತೂ ನಡೆಯಲ್ಲ. ನಾನು ಇಸ್ತ್ರಿ ಪೆಟ್ಟಿಗೆ ತರೋಕೆ ಹೋಗಿ, ಇಸ್ತ್ರಿ ಪೆಟ್ಟಿಗೆಗೂ ವಾರಂಟಿ, ಅದರ ವೈರ್‌ಗೂ ವಾರಂಟಿ ತಗೊಂಡು ಬಂದೆ."

ಮುಕರಾಟಿಗೆ ಮೈಯೆಲ್ಲ ಉರಿಯಿತು. "ಕೇಳಿಸ್ಕೋ ಗ್ವಾಸಿರಾ. ನಾನು ಆ ವಾರಂಟಿಗೆ ಒಂದು ಸೆಂಟ್ ಕೊಟ್ಟೆ ಅಂದ್ರೆ, ನಿನ್ನ ಮಗನ ಮದುವೇಲಿ ಏಪ್ರನ್ ಕಟ್ಟಿಕೊಂಡು, ಸೊಸೆಯಂದಿರ ಸಾಲಲ್ಲಿ ನಿಂತು ಸಾಡ್ಜಾ ಮುದ್ದೆ ತೊಳಸ್ತೀನಿ."

"ಏಪ್ರನ್ ನಾನೇ ತರ್ತೀನಿ," ಅಂದ ಗ್ವಾಸಿರಾ. "ಹೂವಿನದ್ದು ಆಗುತ್ತಾ?"

ಶನಿವಾರ ಗಂಡ ಹೆಂಡತಿ ಅಂಗಡಿಗೆ ಹೋದರು. ಮುಕರಾಟಿ ಮಾತುಕತೆಗೆ ಹೋಗುವ ದಿನದ ಕರೀ ಟೋಪಿ, ಗೆದ್ದು ತಂದ ಕೋಟು, ಎಲ್ಲ ಹಾಕಿಕೊಂಡಿದ್ದ. ಎದುರಿಗೆ ನಿಂತ ಹುಡುಗಿಗೆ ಇಪ್ಪತ್ತೆರಡು ವರ್ಷವಿದ್ದರೆ ಹೆಚ್ಚು. ಎದೆಯ ಮೇಲಿನ ಬಿಲ್ಲೆಯಲ್ಲಿ ಶಮೀಸೊ ಅಂತ ಹೆಸರಿತ್ತು.

"ಮೂರು ವರ್ಷದ್ದು ಬರೀಲಾ, ಯಜಮಾನ್ರೇ?"

ಮುಕರಾಟಿ ತೋರುಬೆರಳೆತ್ತಿದ. ಆ ಬೆರಳು ಎದ್ದರೆ ಹೆಣ್ಣಿನ ಕಡೆಯವರು ತಾವಾಗಿ ಎರಡು ಹಸು ಇಳಿಸುತ್ತಿದ್ದರು. "ನೋಡಮ್ಮಾ. ನಾನು ಮೂವತ್ತೇಳು ಹೆಣ್ಣು ತಂದು ಮನೆ ತುಂಬಿಸಿದವನು. ಒಂದಕ್ಕಾದರೂ ಮೂರು ವರ್ಷದ ಚೀಟಿ ಬರೆಸಿದ್ದು ಉಂಟಾ?"

"ಆ ಮೂವತ್ತೇಳು ಮನೇಲಿ ಗಂಡ ಹೆಂಡತಿ ಜಗಳ ಆದ್ರೆ ಯಾರನ್ನ ಕರೀತಾರೆ?"

"ನನ್ನನ್ನೇ. ಇನ್ಯಾರನ್ನ?"

"ಎಷ್ಟು ವರ್ಷದ ತನಕ?"

"ಹೋದ ವಾರ ಇಪ್ಪತ್ತಾರು ವರ್ಷ ಹಳೇದೊಂದಕ್ಕೆ ಹೋಗಿ ಬಂದ್ರು," ಅಂದಳು ಮಾಯಿ ರೂಡೊ. "ಬಸ್ ಚಾರ್ಜೂ ಕೈಯಿಂದಲೇ."

"ಹಾಗಾದ್ರೆ ಅವರಿಗೆಲ್ಲ ವಾರಂಟಿ ನೀವೇ," ಅಂದಳು ಶಮೀಸೊ. "ಲ್ಯಾಪ್‌ಟಾಪ್ ಕೆಟ್ರೂ ನೀವೇ ಬರ್ತೀರಾ, ಇಲ್ಲಾ ಚೀಟಿ ಬರೀಲಾ?"

ಮುಕರಾಟಿಯ ಬೆರಳು ಗಾಳಿಯಲ್ಲೇ ದಾರಿ ತಪ್ಪಿ ನಿಂತಿತು. ಆದರೂ ಅವನ ಬತ್ತಳಿಕೆಯಲ್ಲಿ ಕೊನೆಯ ಬಾಣ ಒಂದಿತ್ತು. ಎಂಥ ಹಟಮಾರಿಯನ್ನೂ ಬಗ್ಗಿಸುವ ಉಪಾಯ: ನೆಂಟಸ್ತಿಕೆ ಹುಡುಕುವುದು. ಕುಲ ಕೇಳು, ಎಲ್ಲೋ ಒಂದು ಕಡೆ ತಂಗಿಯೋ ಮಗಳೋ ಆಗಿಯೇ ಆಗುತ್ತಾಳೆ. ಆಮೇಲೆ ಹಿರಿಯನ ಮಾತಿಗೆ ಎದುರು ಹೇಳುವವರು ಯಾರು?

ಧ್ವನಿಗೆ ಜೇನು ಸವರಿ ಕೇಳಿದ, "ಯಾರ ಮನೆ ಮಗಳಮ್ಮಾ ನೀನು? ಕುಲ ಯಾವುದು?"

"ಸೊಕೊ."

ಸೊಕೊ ಅಂದರೆ ಕಪಿ. ಮುಕರಾಟಿ ಇನ್ನೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಮಾಯಿ ರೂಡೊ ಕೈ ತಟ್ಟಿ ನಗುತ್ತಾ ಬಗ್ಗಿ ನಿಂತಳು.

"ಅಯ್ಯೋ, ನಮ್ಮಮ್ಮನೂ ಸೊಕೊ! ಅಂದ್ಮೇಲೆ ನೀವು ನನಗೆ ಚಿಕ್ಕಮ್ಮ ಆದ್ರಿ." ಆಮೇಲೆ ಗಂಡನ ಕಡೆ ತಿರುಗಿ, ತೀರಾ ಮೆತ್ತಗೆ ಹೇಳಿದಳು, "ಶುಂಬಾ, ಇವರು ನಿಮಗೆ ಅತ್ತೆ."

ಅಂಗಡಿಯಲ್ಲಿ ಟಿವಿ ನೋಡುತ್ತಿದ್ದವರೆಲ್ಲ ಟಿವಿಗೆ ಬೆನ್ನು ಹಾಕಿದರು.

ಅತ್ತೆಯ ವಿಚಾರದಲ್ಲಿ ನಮ್ಮವರಿಗೆ ವಯಸ್ಸು ಲೆಕ್ಕಕ್ಕಿಲ್ಲ. ತೊಟ್ಟಿಲ ಕೂಸಾದರೂ ಹೆಂಡತಿಯ ತಾಯಿಯ ಕುಲದವಳಾದರೆ ಅತ್ತೆ ಅತ್ತೆಯೇ. ಅವಳ ಮುಂದೆ ಟೋಪಿ ತೆಗೆಯಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಮೆಲ್ಲಗೆ ಕೈ ತಟ್ಟಬೇಕು, ಮುಖ ನೋಡಬಾರದು, ಎದುರಾಡಬಾರದು. ಈ ಪಾಠವನ್ನು ಮೂವತ್ತೇಳು ಅಳಿಯಂದಿರಿಗೆ ಬಾಯಿಪಾಠ ಮಾಡಿಸಿದವನು ಸಾಕ್ಷಾತ್ ಮುಕರಾಟಿ. ಬೆರಳು ತೋರಿಸುವುದಂತೂ ಒಂದು ಮೇಕೆ ದಂಡದ ತಪ್ಪು.

ಸಿಂಹ ಟೋಪಿ ತೆಗೆಯಿತು. ಸಿಂಹದ ಮಂಡಿ ಕಟಕಟ ಅಂದಿತು. ನುಣುಪು ನೆಲದ ಮೇಲೆ, ವಾಷಿಂಗ್ ಮಷೀನುಗಳ ನಡುವೆ, ಸಿಂಹ ಕಪಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ತಟ್ಟಿತು.

"ತಪ್ಪಾಯ್ತು ಅತ್ತೆಮ್ಮಾ," ಅಂದ ಮುಕರಾಟಿ ನೆಲಕ್ಕೆ.

ಶಮೀಸೊ ಒಳ್ಳೆಯ ಮನೆಯ ಹುಡುಗಿ. ನಗಲಿಲ್ಲ. ಪೆನ್ನು ಮಾತ್ರ ಕೈಗೆ ತೆಗೆದುಕೊಂಡಳು. "ಇರಲಿ ಅಳಿಯಂದಿರೇ. ದಂಡ ಗಿಂಡ ಬೇಡ. ಮೂರು ವರ್ಷದ್ದು ಬರೀಲಾ?"

"ಅತ್ತೆಮ್ಮ ಹೇಳಿದ ಹಾಗೆ."

"ಬ್ಯಾಗು?"

"ಅತ್ತೆಮ್ಮ ಹೇಳಿದ ಹಾಗೆ."

"ಬ್ಯಾಗಿಗೆ ವಾರಂಟಿ?"

ಮುಕರಾಟಿ ತಲೆ ಎತ್ತಲು ಹೋಗಿ, ಅತ್ತೆಯ ಮುಖ ಕಂಡೀತೆಂದು ಮತ್ತೆ ತಗ್ಗಿಸಿದ. ಕಾಗದಪತ್ರ ಮುಗಿದು ಅರವತ್ತು ಡಾಲರ್ ಅವನ ಜೇಬು ಬಿಡುವ ಹೊತ್ತಿಗೆ ಅವನ ಮಂಡಿ ಬೀಗ ಹಾಕಿಕೊಂಡಿತ್ತು. ಕಾವಲುಗಾರರಿಬ್ಬರು ಅವನನ್ನು ಕೂತ ಭಂಗಿಯಲ್ಲೇ ಎತ್ತಿ, ಫ್ರಿಜ್ಜು ಸಾಗಿಸುವ ಕೈಗಾಡಿಯ ಮೇಲಿಟ್ಟು, ಬಸ್ಸಿನ ತನಕ ತಳ್ಳಿಕೊಂಡು ಹೋದರು. ಲ್ಯಾಪ್‌ಟಾಪ್ ಅವನ ತೊಡೆಯ ಮೇಲಿತ್ತು. ದಾರಿಯಲ್ಲಿ ಒಬ್ಬ ಎರಡರದೂ ಬೆಲೆ ಕೇಳಿದ.

ಸುದ್ದಿ ಅವರ ಬಸ್ಸಿಗಿಂತ ಮುಂಚೆ ಮನೆ ಸೇರಿತ್ತು. ಬೇಲಿಯ ಮೇಲೆ ಹೂವಿನ ಏಪ್ರನ್ ಒಣಗುತ್ತಿತ್ತು.

ಮದುವೆಯ ದಿನ ಬಂತು. ಮುನ್ನೂರು ಜನರಿಗೆ ಬೇಯುವ ಹಂಡೆಯ ಮುಂದೆ ಮುಕರಾಟಿ ಏಪ್ರನ್ ಕಟ್ಟಿಕೊಂಡು ನಿಂತ. ಕೈಯಲ್ಲಿದ್ದ ಮರದ ತೊಳಸುಗೋಲು ದೋಣಿಯ ಹುಟ್ಟಿನಷ್ಟಿತ್ತು. ಸೊಸೆಯಂದಿರು ಅವನ ಹಿಂದೆ ನಿಂತು ಕೈ ತಟ್ಟಿ ಹುರಿದುಂಬಿಸುತ್ತಿದ್ದರು.

"ಗಂಟು ಕಟ್ತಾ ಇದೆ, ಮುನ್ಯಾಯಿ," ಅಂದ ಗ್ವಾಸಿರಾ. "ಮಾತಾಡಿಸಿ ನೋಡು, ನಿನ್ನ ಮಾತಿಗೆ ಕರಗುತ್ತೇನೋ."

ಮಾಯಿ ರೂಡೊ ಕಾರ್ಯಕ್ರಮದ ಪಟ್ಟಿಯಿದ್ದ ಲ್ಯಾಪ್‌ಟಾಪನ್ನು ಮಡಚಿ ಗಂಡನ ಹಿಂದಿದ್ದ ಮಣೆಯ ಮೇಲಿಟ್ಟಳು. "ಹಾಡುವವರನ್ನ ಕರ್ಕೊಂಡು ಬರ್ತೀನಿ. ಕಣ್ಣಿಟ್ಟಿರಿ, ಶುಂಬಾ," ಅಂದಳು.

ಕಣ್ಣಿಟ್ಟವನ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೆ. ಮದುಮಗಳ ಗೆಳತಿಯರ ಗುಂಪಿನಿಂದ ಹಳದಿ ಲಂಗದ ಹುಡುಗಿಯೊಬ್ಬಳು ನೇರ ಹಂಡೆಯ ಕಡೆಗೇ ಬರುತ್ತಿದ್ದಳು. ಶಮೀಸೊ.

"ಚೆನ್ನಾಗಿದ್ದೀರಾ, ಅಳಿಯಂದಿರೇ?"

ಅತ್ತೆ ಮಾತಾಡಿಸಿದ ಮೇಲೆ ನಿಂತಿರುವುದುಂಟೆ? ಮುಕರಾಟಿ ತಟ್ಟನೆ ಕುಕ್ಕರಗಾಲಿಗೆ ಇಳಿದ. ಆದರೆ ಅಂಗಡಿಯಲ್ಲಿ ಕೆಟ್ಟ ಮಂಡಿ ಇನ್ನೂ ಪೂರ್ತಿ ರಿಪೇರಿಯಾಗಿರಲಿಲ್ಲ. ಅದು ಅರ್ಧಕ್ಕೇ ಕೈಬಿಟ್ಟಿತು. ಉಳಿದರ್ಧ ದಾರಿಯನ್ನು ಮುಕರಾಟಿ ತನ್ನ ತೂಕದ ಮೇಲೆಯೇ ಕ್ರಮಿಸಿ ಮಣೆಯನ್ನು ಸೇರಿದ.

ಕಟುಂ ಅಂತ ಸದ್ದಾಯಿತು. ಮಂಡಿಯದಲ್ಲ.

ಮಾಯಿ ರೂಡೊ ಅಷ್ಟು ದೂರದಲ್ಲೇ ನಿಂತುಬಿಟ್ಟಳು. "ಏಳಬೇಡಿ ಶುಂಬಾ," ಅಂದಳು. "ನೀವೆದ್ರೆ ನಾನು ನೋಡಬೇಕಾಗುತ್ತೆ."

ಮುಕರಾಟಿ ಏಳಲಿಲ್ಲ. ಎರಡು ವರ್ಷದ ಕೋಳಿಗಳೆಲ್ಲ ತನ್ನ ಕೆಳಗೆ ಒಟ್ಟಿಗೆ ಕೂಗಿದಂತೆ ಅವನಿಗೆ ಕೇಳಿಸಿತು. ಮೂವತ್ತೇಳು ಮನೆಗಳ ಜಗಳ ಬಿಡಿಸಿದವನಿಗೆ ತನ್ನ ಮನೆಗೆ ಬೇಕಾದ ಒಂದು ಮಾತು ಹೊಳೆಯಲಿಲ್ಲ. ನೆಲ ನೋಡುತ್ತಲೇ ಕೇಳಿದ, "ಅತ್ತೆಮ್ಮಾ, ಇದು ಆ ಚೀಟಿಯಲ್ಲಿ ಬರುತ್ತಾ?"

ಶಮೀಸೊ ಫೋನು ತೆಗೆದು ವಾರಂಟಿಯ ಅರ್ಜಿ ತೆರೆದಳು. "ಹಾನಿ ಹೇಗಾಯ್ತು? ಬಿದ್ದದ್ದಾ, ನೀರು ಚೆಲ್ಲಿದ್ದಾ, ಕರೆಂಟಿಂದಾ, ಇತರೆಯಾ?"

"ಇತರೆ," ಅಂದರು ಸೊಸೆಯಂದಿರೆಲ್ಲ ಒಟ್ಟಿಗೆ.

ಶಮೀಸೊ ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದಳು, "ಅಳಿಯ, ಅತ್ತೆಗೆ, ಮರ್ಯಾದೆ, ಕೊಡುವಾಗ." ಮಾಯಿ ರೂಡೊ ಕಡೆ ತಿರುಗಿ, "ಬರುತ್ತಮ್ಮಾ. ಸೋಮವಾರ ಬನ್ನಿ, ಹೊಸದು ಕೊಡ್ತೀವಿ," ಅಂದಳು.

ಮಾಯಿ ರೂಡೊಳ ಮುಖಕ್ಕೆ ಜೀವ ಬಂತು. ಮುಕರಾಟಿಗೆ ನಾಲಿಗೆ ಬಂತು.

"ನೋಡಿದ್ಯಾ ಗ್ವಾಸಿರಾ," ಅಂದ, ಕೂತಲ್ಲಿಂದಲೇ ತೊಳಸುಗೋಲು ಎತ್ತಿ. "ಮುಂದಾಲೋಚನೆ ಅಂದ್ರೆ ಇದು. ಅದಕ್ಕೇ ಅವತ್ತು ಮೂರು ವರ್ಷದ್ದೇ ಬರೆಸಿದ್ದು. ನನ್ನ ವ್ಯವಹಾರ ಒಂದೂ ನಷ್ಟಕ್ಕೆ ಹೋದದ್ದಿಲ್ಲ."

ಶಮೀಸೊ ಹಂಡೆಯ ಕಡೆ ಮೂಗು ತಿರುಗಿಸಿದಳು.

"ಲ್ಯಾಪ್‌ಟಾಪಿಗೆ ಮೂರು ವರ್ಷ ಇದೆ ಅಳಿಯಂದಿರೇ, ಮುದ್ದೆಗಿಲ್ಲ. ತಳ ಹತ್ತಿದೆ, ಏಳಿ, ತೊಳಸಿ."